ಕೇಶವನಿಂದ ಉಪೇಂದ್ರನವರೆಗೆ

ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಸಸ್ಪೆನ್ಸ್ ಅಕೌಂಟ್ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಮಿಕ್ಕವರಿಗಾಗಿ ಹೇಳುತ್ತೇನೆ. ಸಂಜೆ ಲೆಕ್ಕ ಮುಗಿಸುವ ಹೊತ್ತಿಗೆ ಯಾವ ಖಾತೆಗೂ ಸೇರದ ಒಂದು ಎಂಟ್ರಿ ಉಳಿದುಬಿಡುತ್ತದೆ. ಯಾರದೋ ಗೊತ್ತಿಲ್ಲ, ಎಲ್ಲಿಂದ ಬಂತೋ ಗೊತ್ತಿಲ್ಲ, ಎಲ್ಲಿಗೆ ಕಳಿಸಬೇಕೋ ಅದೂ ಗೊತ್ತಿಲ್ಲ. ಕೊನೇ ಬಸ್ಸಿಗೆ ಹೊತ್ತಾಗಿರುತ್ತದೆ. ಆಗ ಮ್ಯಾನೇಜರು ‘ಸದ್ಯಕ್ಕೆ ಸಸ್ಪೆನ್ಸಿಗೆ ಹಾಕ್ರೀ, ನಾಳೆ ನೋಡೋಣ’ ಅನ್ನುತ್ತಾರೆ. ಆ ನಾಳೆ ಬರುವುದರೊಳಗೆ ಮ್ಯಾನೇಜರಿಗೆ ವರ್ಗವಾಗಿರುತ್ತದೆ. (ಬಂದ ಹಣಕ್ಕೆ ಸಂಡ್ರಿ ಡಿಪಾಸಿಟ್, ಹೋದ ಹಣಕ್ಕೆ ಮಾತ್ರ ಸಸ್ಪೆನ್ಸ್ ಎಂದು ತಿದ್ದಲು ಎದ್ದು ನಿಂತಿರುವ ನನ್ನ ಮಾಜಿ ಸಹೋದ್ಯೋಗಿಗಳು ದಯವಿಟ್ಟು ಕೂತುಕೊಳ್ಳಬೇಕು. ನಾನು ಹೇಳಹೊರಟಿರುವ ಬಾಬತ್ತಿನಲ್ಲಿ ಬರುವುದು ಹೋಗುವುದು ಎರಡೂ ಒಟ್ಟೊಟ್ಟಿಗೇ ಆಗುತ್ತವೆ.)

ಮೂವತ್ತೆರಡು ವರ್ಷ ಸಾಲದ ವಿಭಾಗದಲ್ಲಿ ಸವೆದು ನಾನು ನಿವೃತ್ತನಾದ ದಿನ ನನ್ನ ಶಾಖೆಯಲ್ಲಿ ಒಂದೇ ಒಂದು ಸಸ್ಪೆನ್ಸ್ ಎಂಟ್ರಿ ಬಾಕಿ ಇರಲಿಲ್ಲ. ಬೀಳ್ಕೊಡುಗೆ ಭಾಷಣದಲ್ಲಿ ಅದನ್ನೇ ಹೇಳಿ ಶಾಲು ಹೊದಿಸಿದರು. ಅದೇ ಶಾಲಿನ ಮೇಲೆ ಈಗ ಪುರುಷೋತ್ತಮ ಮಲಗಿದ್ದಾನೆ. ಅಲ್ಲ, ಮಲಗಿದ್ದಾಳೆ. ಆ ಗೊಂದಲಕ್ಕೆ ಆಮೇಲೆ ಬರುತ್ತೇನೆ.

ಶುರುವಾದದ್ದು ಮಗಳಿಂದ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಶನಿವಾರ ಭಾನುವಾರ ಬೀದಿನಾಯಿಗಳ ಸೇವೆ. ಒಂದು ಭಾನುವಾರ ಮೈಸೂರಿಗೆ ಬಂದವಳ ಬ್ಯಾಗು ಕುಂಯ್ ಎಂದಿತು.

“ಅಪ್ಪಾ, ಎರಡೇ ವಾರ. ಶೆಲ್ಟರ್‌ನಲ್ಲಿ ಜಾಗ ಇಲ್ಲ. ಇಂಜೆಕ್ಷನ್ ಆಗಿ, ಒಂದೊಳ್ಳೆ ಮನೆ ಸಿಗೋವರೆಗೆ ಇಟ್ಕೊಂಡಿರು. ಇದಕ್ಕೆ ಫಾಸ್ಟರ್ ಅಂತಾರೆ.”

“ನಿವೃತ್ತಿಯಾದವನು ನಾನು. ಈ ವಯಸ್ಸಿನಲ್ಲಿ ಇದೆಲ್ಲ ಆಗುತ್ತೇನೇ?”

“ಬೆಂಗಳೂರಲ್ಲಿ 1991ರಲ್ಲಿ ಕ್ಯೂಪಾ ಶುರು ಮಾಡಿದ ಕ್ರಿಸ್ಟಲ್ ರೋಜರ್ಸ್‌ಗೆ ಆಗ ಎಂಬತ್ತು ದಾಟಿತ್ತು. ನಿಂಗಿನ್ನೂ ಅರವತ್ತು.”

ಎಂಬತ್ತು ದಾಟಿದ ಆ ಇಂಗ್ಲಿಷ್ ಅಜ್ಜಿ ಇಡೀ ಊರಿನ ಅನಾಥ ಪ್ರಾಣಿಗಳಿಗೆಂದು ಸಂಸ್ಥೆ ಕಟ್ಟಬಲ್ಲರಾದರೆ, ಕುವೆಂಪುನಗರದಲ್ಲಿ ಕಾಂಪೌಂಡು, ಸಂಪು, ಪಿಂಚಣಿ ಎಲ್ಲ ಇರುವ ನಾನು ಅಂಗೈಯಗಲದ ಒಂದು ಮರಿಗೆ ಎರಡು ವಾರ ಜಾಗ ಕೊಡಲಾರೆನೇ? ಬ್ರಿಡ್ಜ್ ಲೋನ್ ಎಂದುಕೊಂಡು ಮಂಜೂರು ಮಾಡಿದೆ. ಹೆಂಡತಿ ಏನೂ ಅನ್ನಲಿಲ್ಲ. ಕ್ಯಾಲೆಂಡರಿನಲ್ಲಿ ಎರಡು ವಾರದ ಮುಂದಿನ ತಾರೀಖಿಗೆ ಒಂದು ಸೊನ್ನೆ ಸುತ್ತಿದಳು. ಆ ಕ್ಯಾಲೆಂಡರನ್ನು ಅವಳು ಇನ್ನೂ ಎಸೆದಿಲ್ಲ. ಸಾಕ್ಷ್ಯಕ್ಕೆಂದು ಇಟ್ಟುಕೊಂಡಿದ್ದಾಳೆ.

ತಕರಾರು ಬಂದದ್ದು ಅಮ್ಮನಿಂದ. ಅಮ್ಮನಿಗೆ ಎಂಬತ್ತಾರು, ಮಡಿ. ಅವಳ ಶಾಸ್ತ್ರದಲ್ಲಿ ಬೆಕ್ಕು ಅಡುಗೆಮನೆಯವರೆಗೂ ಬರಬಹುದು, ನಾಯಿ ಜಗಲಿ ದಾಟಕೂಡದು. ಯಾಕೆಂದು ಕೇಳಿದರೆ ‘ಅದು ಹಾಗೇ’ ಅನ್ನುತ್ತಾಳೆ. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದಳು. ಹೆಸರು ಇಡುವವಳು ತಾನು.

“ಅಜಾಮಿಳ ಸಾಯೋವಾಗ ಮಗನ್ನ ‘ನಾರಾಯಣಾ’ ಅಂತ ಕೂಗಿದ್ದಕ್ಕೇ ಮೋಕ್ಷ ಸಿಕ್ತು ಕಣೋ. ನೀನಂತೂ ಸಂಧ್ಯಾವಂದನೆ ಬಿಟ್ಟು ನಲವತ್ತು ವರ್ಷ ಆಯ್ತು. ನಾಯಿ ಕರೆಯೋ ನೆಪದಲ್ಲಾದರೂ ದೇವರ ಹೆಸರು ಬಾಯಿಗೆ ಬರಲಿ.”

ಹೀಗೆ ಆ ಮರಿ ಕೇಶವನಾಯಿತು. ಸಂಧ್ಯಾವಂದನೆಯ ಇಪ್ಪತ್ತನಾಲ್ಕು ನಾಮಗಳಲ್ಲಿ ಮೊದಲನೆಯದು. ಮುಂದಕ್ಕೆ ಬರುವವಕ್ಕೂ ಅದೇ ಕ್ರಮ ಎಂಬುದು ಆಗ ನನಗೆ ಹೊಳೆಯಲಿಲ್ಲ. ಮುಂದಕ್ಕೆ ಬರುತ್ತವೆ ಎಂಬುದೇ ಹೊಳೆದಿರಲಿಲ್ಲ.

ಕೇಶವ ಹನ್ನೆರಡನೇ ದಿನಕ್ಕೆ ಒಳ್ಳೆಯ ಮನೆ ಸೇರಿದ. ನಾನು ಹಾಳಾದದ್ದು ಅಲ್ಲೇ. ಮೊದಲ ಸಲ ಮಟ್ಕಾ ಆಡಿದವನಿಗೆ ಮೊದಲ ದಿನವೇ ನಂಬರು ಹೊಡೆದರೆ ಅವನ ಗತಿ ಏನಾಗುತ್ತದೆಂದು ಸಾಲ ಕೊಟ್ಟು ಕೊಟ್ಟು ತಿಳಿದವನು ನಾನು. ಆದರೂ ವಾಕಿಂಗಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ. ಮೂರನೇ ದಿನ ಬೆಳಗ್ಗೆ ಗೇಟಿನ ಬುಡದಲ್ಲಿ ಬಿಸ್ಕತ್ತಿನ ರಟ್ಟಿನ ಡಬ್ಬಿ. ಒಳಗೆ ಎರಡು ಬೆಕ್ಕಿನ ಮರಿ, ಒಂದು ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟು. ಚೀಟಿ ಇರಲಿಲ್ಲ. ಹಾಲು ಇಟ್ಟಿದ್ದಾರೆ, ಸಂಸ್ಕಾರವಂತರು ಎಂದುಕೊಂಡೆ.

ನಾರಾಯಣ, ಮಾಧವ. ಕಣ್ಣು ಆಗಷ್ಟೇ ಬಿಟ್ಟಿದ್ದವು, ನೀಲಿ ಕಣ್ಣು. ಏನೋ ವಿದೇಶಿ ತಳಿ ಇರಬೇಕೆಂದು ಮಗಳಿಗೆ ಫೋಟೋ ಕಳಿಸಿದೆ. ‘ಎಲ್ಲಾ ಬೆಕ್ಕಿನ ಮರಿಗೂ ಮೊದಲು ಕಣ್ಣು ನೀಲೀನೇ ಅಪ್ಪಾ’ ಎಂದು ಉತ್ತರ ಬಂತು. ಸರಿ, ಡಬ್ಬಿಯಲ್ಲಿದ್ದ ಹಾಲನ್ನೇ ಕಾಯಿಸಿ ಆರಿಸಿ ಕುಡಿಸಿದೆ. ಸಂಜೆಯೊಳಗೆ ಎರಡಕ್ಕೂ ಭೇದಿ ಹತ್ತಿತು. ಪಶು ಆಸ್ಪತ್ರೆಗೆ ಓಡಿದರೆ ಡಾಕ್ಟರು ತಲೆ ಚಚ್ಚಿಕೊಂಡರು. ಬೆಕ್ಕಿಗೆ ಹಸುವಿನ ಹಾಲು ಜೀರ್ಣವಾಗುವುದಿಲ್ಲವಂತೆ, ಅದರಲ್ಲಿರುವ ಸಕ್ಕರೆ ಅದರ ಹೊಟ್ಟೆಗೆ ಆಗದಂತೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಗಾದೆಯನ್ನು ಒಂದನೇ ಕ್ಲಾಸಿನಿಂದ ಕಲಿತುಬಂದ ನನಗೆ ಭೂಮಿ ಒಮ್ಮೆ ತಿರುಗಿದಂತಾಯಿತು. ಕೃಷ್ಣದೇವರಾಯ ಮನೆಮನೆಗೆ ಬೆಕ್ಕು, ಬೆಕ್ಕಿಗೊಂದು ಹಸು ಕೊಟ್ಟ ಕಾಲದಲ್ಲಿ ತೆನಾಲಿ ರಾಮಕೃಷ್ಣ ತನ್ನ ಬೆಕ್ಕಿಗೆ ಸುಡುಹಾಲು ಕುಡಿಸಿ, ಹಾಲು ಕಂಡರೆ ಓಡುವ ಹಾಗೆ ಮಾಡಿ, ಹಾಲನ್ನು ತಾನೇ ಕುಡಿದನಲ್ಲ, ಇಡೀ ವಿಜಯನಗರದಲ್ಲಿ ಹೊಟ್ಟೆ ಕೆಡದೆ ಇದ್ದ ಬೆಕ್ಕು ಅವನದೊಂದೇ ಇದ್ದಿರಬೇಕು.

ಡಾಕ್ಟರು ಬೆಕ್ಕಿನ ಮರಿಗೆಂದೇ ಬರುವ ಪುಡಿ ಬರೆದುಕೊಟ್ಟರು. ಮೂರು ಗಂಟೆಗೊಮ್ಮೆ ಕುಡಿಸಬೇಕು, ರಾತ್ರಿಯೂ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಬೇಕು. ಅದೆಲ್ಲ ಸರಿ. ಆಮೇಲೆ ಅವರು ತಗ್ಗಿದ ದನಿಯಲ್ಲಿ ಹೇಳಿದ್ದೇನೆಂದರೆ, ಮೂರು ವಾರದವರೆಗೆ ಈ ಮರಿಗಳಿಗೆ ತಾವಾಗಿ ಉಚ್ಚೆ ಹೊಯ್ಯಲು ಬರುವುದಿಲ್ಲ. ತಾಯಿ ನೆಕ್ಕಿದರೇ ಬರುವುದು. ತಾಯಿ ಇಲ್ಲವಾದ್ದರಿಂದ ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಹಿಂಭಾಗವನ್ನು ಮೆಲ್ಲಗೆ ಒರೆಸುತ್ತಿರಬೇಕು. ‘ಯಾರು?’ ಅಂದೆ. ಡಾಕ್ಟರು ನನ್ನನ್ನೇ ನೋಡಿದರು.

ಹೀಗೆ, ಕೋಟಿಗಟ್ಟಲೆ ಸಾಲಕ್ಕೆ ಸಹಿ ಹಾಕಿದ ಈ ಬಲಗೈ ರಾತ್ರಿ ಎರಡು ಗಂಟೆಗೆ ಹತ್ತಿಯ ಉಂಡೆ ಹಿಡಿದು ಮಾಧವನ ಪೃಷ್ಠದ ಮುಂದೆ ಕಾಯುತ್ತಿತ್ತು. ಅವನು ಹೊಯ್ದರೆ ನನಗೊಂದು ಸಾರ್ಥಕಭಾವ. ಬೆಳಗ್ಗೆ ಕಾಫಿ ಕುಡಿಯುತ್ತಾ ಹೆಂಡತಿಗೆ ‘ರಾತ್ರಿ ಇಬ್ಬರಿಗೂ ಚೆನ್ನಾಗಿ ಆಯ್ತು’ ಎಂದು ಹೆಮ್ಮೆಯಿಂದ ವರದಿ ಒಪ್ಪಿಸುತ್ತಿದ್ದೆ. ಮಗಳು ಹುಟ್ಟಿದಾಗ ನಾನು ಕೊಳ್ಳೇಗಾಲದ ಶಾಖೆಯಲ್ಲಿದ್ದು, ಒಂದು ಚಡ್ಡಿಯನ್ನೂ ಬದಲಾಯಿಸದೆ ಪಿತೃಪದವಿ ಪಡೆದವನೆಂಬುದನ್ನು ಅವಳು ಆಗ ಎತ್ತಲಿಲ್ಲ. ದೋಸೆ ಹುಯ್ಯುವ ಶಬ್ದ ಮಾತ್ರ ಸ್ವಲ್ಪ ಜೋರಾಗಿತ್ತು.

ನಾಲ್ಕನೇ ರಾತ್ರಿ ಡ್ರಾಪರ್ ಕಳೆದುಹೋಯಿತು. ಮರಿಗಳು ಅರಚುತ್ತಿವೆ. ಕತ್ತಲಲ್ಲಿ ತಡಕಾಡಿದಾಗ ಕೈಗೆ ಸಿಕ್ಕಿದ್ದು ದೇವರಮನೆಯ ಉದ್ಧರಣೆ. ಏನು ಅಳತೆ, ಏನು ಬಾಗು! ಒಂದು ತೊಟ್ಟೂ ಚೆಲ್ಲದೆ ಬಾಯಿಗೆ ಇಳಿಯುತ್ತದೆ. ನಮ್ಮ ಪೂರ್ವಿಕರು ಇದನ್ನು ಬೆಕ್ಕಿನ ಮರಿಗೆಂದೇ ಮಾಡಿರಬೇಕು ಎನ್ನಿಸಿತು. ಕೇಶವ ಹೋಗಿದ್ದ, ನಾರಾಯಣ, ಮಾಧವ ಇದ್ದರು. ಹೆಸರು ಹೇಳಿ ಹೇಳಿ ಒಂದೊಂದು ಉದ್ಧರಣೆ ಹಾಕಿದೆ. ಹಿಂದಿನಿಂದ ದೀಪ ಹತ್ತಿತು.

ಬಾಗಿಲಲ್ಲಿ ಅಮ್ಮ. ನಾನು ಕೂತಿದ್ದ ಭಂಗಿ, ಕೈಯಲ್ಲಿದ್ದ ಪಾತ್ರೆ, ಬಾಯಲ್ಲಿದ್ದ ನಾಮ ಮೂರನ್ನೂ ನೋಡಿದಳು. ನಲವತ್ತು ವರ್ಷದ ನಂತರ ಮಗ ಆಚಮನ ಮಾಡುತ್ತಿದ್ದಾನೆ, ಆದರೆ ಬೆಕ್ಕಿಗೆ.

“ಬೆಕ್ಕಿಗಾದ್ರೆ ಹೋಗಲಿ, ಹುಣಸೆಹಣ್ಣು ಹಾಕಿ ತೊಳೆದಿಡು,” ಎಂದಳು ಬಹಳ ಹೊತ್ತಿನ ಮೇಲೆ. “ನಾಯಿಗೇನಾದ್ರೂ ಹಾಕ್ದೆಯೋ, ನಾನು ನಿನ್ನ ತಮ್ಮನ ಮನೆಗೆ ಹೊರಟೆ.”

ನಾಲ್ಕನೆಯವನು ಗೋವಿಂದ, ನಾಯಿ. ಕಚ್ಚಿದ. ತಪ್ಪು ನನ್ನದೇ, ಅವನ ತಟ್ಟೆಯಿಂದ ಕಲ್ಲು ತೆಗೆಯಹೋದೆ. ನಲ್ಲಿಯ ಕೆಳಗೆ ಕೈಯಿಟ್ಟು ಸೋಪು ಹಾಕಿ ಹದಿನೈದು ನಿಮಿಷ ತೊಳೆಯಬೇಕೆಂಬುದು ಗೊತ್ತಿತ್ತು, ತೊಳೆದೆ. ಆದರೆ ಆಸ್ಪತ್ರೆಗೆ ಹೊರಟಾಗ ಕಾಲು ನಡುಗುತ್ತಿತ್ತು. ನಮ್ಮ ಕಾಲದಲ್ಲಿ ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್. ನನ್ನ ಸೋದರಮಾವ ಹಾಕಿಸಿಕೊಂಡು ಬಂದು ತೋರಿಸಿದ್ದು ನೆನಪಿದೆ. ನರ್ಸ್ ಎದುರು ನಿಂತವನೇ ಪಂಚೆ ಸಡಿಲಿಸಿ ಬನಿಯನ್ನು ಎತ್ತಿಬಿಟ್ಟೆ. ಆಕೆ ಒಂದು ಹೆಜ್ಜೆ ಹಿಂದೆ ಸರಿದು, “ಸಾರ್, ಬಟ್ಟೆ ಸರಿ ಮಾಡ್ಕೊಳಿ. ಹೊಟ್ಟೆ ಇಂಜೆಕ್ಷನ್ ನಿಂತು ಎಷ್ಟೋ ವರ್ಷ ಆಯ್ತು. ತೋಳು ಕೊಡಿ,” ಅಂದರು. ಸರದಿಯಲ್ಲಿದ್ದ ಹತ್ತು ಹದಿನೈದು ಜನ ಅಂದು ನನ್ನ ಹೊಕ್ಕುಳನ್ನು ಪುಕ್ಕಟೆಯಾಗಿ ನೋಡಿದರು. 0, 3, 7, 14, 28, ಕಂತಿನ ತಾರೀಖುಗಳನ್ನು ಡೈರಿಯಲ್ಲಿ ಬರೆದುಕೊಂಡು ಒಂದನ್ನೂ ಸುಸ್ತಿ ಮಾಡದೆ ಕಟ್ಟಿದೆ. ಗೋವಿಂದನಿಗೆ ಏನೂ ಆಗಲಿಲ್ಲ.

ಅಮ್ಮನ ಪಟ್ಟಿಯ ಬಗ್ಗೆ ನನಗೆ ಭಯ ಹುಟ್ಟಿದ್ದು ಏಳನೆಯವನು ಬಂದಾಗ. ಲಾರಿಗೆ ಸಿಕ್ಕಿ ಹಿಂಗಾಲೊಂದನ್ನು ಕಳೆದುಕೊಂಡಿದ್ದ ಕಂದು ನಾಯಿ. ಅಮ್ಮ ಬೆರಳು ಮಡಿಸಿ ಎಣಿಸಿದಳು. ಕೇಶವ, ನಾರಾಯಣ, ಮಾಧವ, ಗೋವಿಂದ, ವಿಷ್ಣು, ಮಧುಸೂದನ. “ಇವನು ತ್ರಿವಿಕ್ರಮ.” ಮೂರೇ ಹೆಜ್ಜೆಯವನು. ನಾನು ಕೈಮುಗಿದೆ. ಹನ್ನೊಂದನೆಯದು ಹೊಕ್ಕುಳಲ್ಲಿ ನಿಂಬೆಗಾತ್ರದ ಹರ್ನಿಯಾ ಇಟ್ಟುಕೊಂಡೇ ಬಂತು, ಪದ್ಮನಾಭ. ಎಂಟನೆಯ ವಾಮನ ಬಂದಾಗ ಅಂಗೈಯಲ್ಲಿ ಮಲಗುತ್ತಿದ್ದ, ಆರು ತಿಂಗಳಲ್ಲಿ ಎದ್ದು ನಿಂತರೆ ನನ್ನ ಭುಜಕ್ಕೆ ಕಾಲಿಡುತ್ತಿದ್ದ. ಮೂರನೇ ಹೆಜ್ಜೆಯನ್ನು ಎಲ್ಲಿಡುತ್ತಾನೋ ಎಂದು ನಾನು ತಲೆ ಮುಟ್ಟಿಕೊಂಡು ಓಡಾಡಿದೆ.

ಈಗ ದಾಮೋದರನ ವಿಷಯ. ಇದನ್ನು ಹೇಳದೆ ಬಿಡೋಣವೆಂದಿದ್ದೆ, ಹೆಂಡತಿ ‘ಅದನ್ನ ಬರೀದಿದ್ರೆ ನಾನೇ ಸಂಪಾದಕರಿಗೆ ಪತ್ರ ಹಾಕ್ತೀನಿ’ ಅಂದಿದ್ದಾಳೆ.

ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಹೋದಾಗ ಕಂಡ ಕರಿ ನಾಯಿ. ಕುತ್ತಿಗೆಗೆ ಹಗ್ಗ. ಒಂದು ಕಿವಿಯ ಅಂಚನ್ನು ಯಾರೋ ಕತ್ತರಿಸಿದ್ದಾರೆ, ಒರಟಾಗಿ ಹರಿದದ್ದಲ್ಲ, ಕತ್ತರಿ ಹಿಡಿದು ಅಳೆದು ತೆಗೆದ ಕಚ್ಚು. ನನ್ನ ರಕ್ತ ಕುದಿಯಿತು. ಯಾಕೆಂದರೆ ಹಸು ಎಮ್ಮೆ ಸಾಲ ಕೊಟ್ಟವನಿಗೆ ಕಿವಿಯ ಮಹತ್ವ ಗೊತ್ತು. ವಿಮೆ ಮಾಡಿಸಿದ ಹಸುವಿನ ಕಿವಿಗೆ ಓಲೆ ಹಾಕುತ್ತಾರೆ. ಹಸು ಸತ್ತರೆ ಆ ಓಲೆ ತಂದು ಒಪ್ಪಿಸಬೇಕು, ಓಲೆ ಇಲ್ಲದಿದ್ದರೆ ವಿಮೆ ಹಣ ಇಲ್ಲ. ಬದುಕಿರುವ ಹಸುವಿನ ಕಿವಿ ಕತ್ತರಿಸಿ ಓಲೆ ತಂದವರನ್ನು ನಾನು ಸರ್ವಿಸಿನಲ್ಲಿ ಹಿಡಿದುಹಾಕಿದ್ದೇನೆ. ಇಲ್ಲೂ ಏನೋ ಮೋಸ ನಡೆದಿದೆ! ಕೊರಳಿಗೆ ಹಗ್ಗ ಬಿಗಿದು, ಕಿವಿ ಕೊಯ್ದು, ಬೀದಿಗೆ ಬಿಟ್ಟಿದ್ದಾರೆ. ಆಟೋ ಕರೆದೆ. ನಾಯಿ ನಿರಾಯಾಸವಾಗಿ ಹತ್ತಿ ಕಿಟಕಿ ಪಕ್ಕ ಕೂತಿತು. ಆಘಾತಗೊಂಡಿದೆ, ಪಾಪ, ಎಂದುಕೊಂಡೆ.

ಹನ್ನೆರಡನೆಯ ನಾಮ ದಾಮೋದರ, ಹೊಟ್ಟೆಗೆ ಹಗ್ಗ ಕಟ್ಟಿಸಿಕೊಂಡವನು. ಇವನದು ಕೊರಳಿಗೆ, ಅಷ್ಟೇ ವ್ಯತ್ಯಾಸ. ಅನ್ನ ಹಾಕಿದೆ, ಮೂಸಿ ಬಿಟ್ಟ. ಮೊಸರನ್ನ ಹಾಕಿದೆ, ಮುಖ ತಿರುಗಿಸಿದ. ಹಿಂಸೆಯಿಂದ ಹಸಿವೆಯೇ ಸತ್ತಿದೆ ಎಂದು ಆಸ್ಪತ್ರೆಗೆ ಒಯ್ದು, ಪೊಲೀಸ್ ಕಂಪ್ಲೇಂಟು ಕೊಡಲು ಒಂದು ಸರ್ಟಿಫಿಕೇಟು ಬೇಕೆಂದೆ.

ಡಾಕ್ಟರು ನಾಯಿಯನ್ನು ನೋಡಿದರು, ನನ್ನನ್ನು ನೋಡಿದರು. “ಸಾರ್, ಇದು ಆಪರೇಷನ್ ಆಗಿರೋ ನಾಯಿ. ಸಂತಾನಹರಣ ಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ, ಮತ್ತೆ ಹಿಡೀಬಾರದು ಅಂತ ಗುರುತಿಗೆ ಕಿವಿಗೆ ಕಚ್ಚು ಹಾಕ್ತಾರೆ. ಅರಿವಳಿಕೆ ಕೊಟ್ಟಿದ್ದಾಗಲೇ ಹಾಕೋದು, ನೋವಾಗಲ್ಲ. ಆಮೇಲೆ ಹಿಡಿದ ಜಾಗಕ್ಕೇ ತಂದು ಬಿಡಬೇಕು. 2023ರ ಎಬಿಸಿ ನಿಯಮ ಓದಿಲ್ವಾ? ಎಲ್ಲಿಂದ ತಂದ್ರಿ?”

ನನಗೆ ನಿಯಮ ಓದಿಲ್ವಾ ಎಂದು ಯಾರೂ ಕೇಳಿರಲಿಲ್ಲ. ಮಾರನೇ ದಿನ ಬೆಳಗ್ಗೆ ಆಟೋದಲ್ಲಿ ವಾಪಸು ಕರೆದೊಯ್ದೆ. ಇಳಿಯುವುದರೊಳಗೆ ಟೀ ಅಂಗಡಿಯವನು ಓಡಿಬಂದ.

“ಸಾರ್! ನಮ್ ಕರಿಯನ್ನ ಎತ್ಕೊಂಡ್ ಹೋಗಿದ್ದು ನೀವಾ? ನಿನ್ನೆಯಿಂದ ಹುಡುಕ್ತಾ ಇದೀವಿ!”

ಹಿಂದೆಯೇ ವಾಕಿಂಗಿನ ಇಬ್ಬರು ಹೆಂಗಸರು ಬಂದರು, ಒಬ್ಬರ ಕೈಯಲ್ಲಿ ಬೇಯಿಸಿದ ಮೊಟ್ಟೆ, ಇನ್ನೊಬ್ಬರ ಕೈಯಲ್ಲಿ ಚಿಕನ್ ಹಾಕಿದ ಅನ್ನದ ಡಬ್ಬಿ. ಮೊಸರನ್ನ ಯಾಕೆ ಸೇರಲಿಲ್ಲವೆಂದು ಈಗ ತಿಳಿಯಿತು. ಹಗ್ಗ ಟೀ ಅಂಗಡಿಯವನು ಹಬ್ಬಕ್ಕೆ ಕಟ್ಟಿದ್ದಂತೆ. ನಾನು ಮಾಡಿದ್ದು ರಕ್ಷಣೆಯಲ್ಲ, ಅಪಹರಣ. ಅಲ್ಲಿ ವಾಕಿಂಗ್ ಹೋಗುವುದನ್ನು ಬಿಟ್ಟಿದ್ದೇನೆ.

ಹದಿಮೂರರಿಂದ ಹದಿನಾರು, ಸಂಕರ್ಷಣ, ವಾಸುದೇವ, ಪ್ರದ್ಯುಮ್ನ, ಅನಿರುದ್ಧ. ಒಂದೇ ಸೂಲಿನ ನಾಲ್ಕು ಮರಿ. ಲಸಿಕೆಗೆ ಇನ್ನೂ ವಾರವಿತ್ತು, ಪಾರ್ವೊ ಬಂತು. ಅನಿರುದ್ಧ ಉಳಿದ. ಆ ವಾರದ ಬಗ್ಗೆ ಹಾಸ್ಯ ಬರೆಯಲು ನನಗೆ ಬರುವುದಿಲ್ಲ.

ಆ ವೈರಸ್ಸು ಫಿನಾಯಿಲಿಗೆ ಜಗ್ಗುವುದಿಲ್ಲ. ಬ್ಲೀಚಿಂಗ್ ನೀರಿನಲ್ಲಿ ನೆಲ, ಗೋಡೆ, ತಟ್ಟೆ, ಚಪ್ಪಲಿ ಎಲ್ಲ ತೊಳೆದರೂ ಕಾಂಪೌಂಡಿನ ಮಣ್ಣಿನಲ್ಲಿ ತಿಂಗಳುಗಟ್ಟಲೆ ಕೂತಿರುತ್ತದಂತೆ. ಲಸಿಕೆ ಆಗದ ಮರಿಗಳನ್ನು ಸದ್ಯಕ್ಕೆ ತರಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಮನೆ ಭಣಭಣ ಎನ್ನತೊಡಗಿತು. ನಾನು ಪೇಪರಿನಲ್ಲಿ ಷೇರು ಪುಟ ಓದುವ ಸ್ಥಿತಿಗೆ ಇಳಿದಿದ್ದೆ. ಆಗಲೇ ಒಂದು ಮಧ್ಯಾಹ್ನ ಅಡುಗೆಮನೆ ಕಿಟಕಿಯಿಂದ ಹದಿನೇಳನೆಯವನು ತಾನಾಗಿಯೇ ಬಂದ. ಬಿಳಿ, ಕಪ್ಪು, ಕೇಸರಿ ಮೂರು ಬಣ್ಣದ ದೊಡ್ಡ ಬೆಕ್ಕು. ಏನು ಠೀವಿ, ಏನು ನಡಿಗೆ! ಗಂಡಸು ಅಂದರೆ ಹೀಗಿರಬೇಕು ಎಂದೆ. ಅಮ್ಮ ಬೆರಳು ಮಡಿಸಿದಳು. ಪುರುಷೋತ್ತಮ.

ಪುರುಷೋತ್ತಮ ದಿನದಿಂದ ದಿನಕ್ಕೆ ಮೈ ತುಂಬಿಕೊಂಡ. ನನ್ನ ಆರೈಕೆಯ ಫಲ ಎಂದು ಮಗಳಿಗೆ ವಾರವಾರ ಫೋಟೋ ಕಳಿಸಿದೆ. ಹೆಂಡತಿ ಒಂದು ದಿನ ಪಲ್ಯಕ್ಕೆ ಹುರುಳಿಕಾಯಿ ಬಿಡಿಸುತ್ತಾ, “ರೀ, ಇದು ಬಸುರಿ,” ಅಂದಳು. ನಾನು ನಕ್ಕೆ. ಪುರುಷೋತ್ತಮ! ಬಸುರಿ! ಐದನೇ ದಿನ ರಾತ್ರಿ ನನ್ನ ಬೀರುವಿನೊಳಗೆ, ಬೀಳ್ಕೊಡುಗೆಯ ಶಾಲಿನ ಮೇಲೆ, ಪುರುಷೋತ್ತಮ ಮೂರು ಮರಿ ಹಾಕಿದ.

ಡಾಕ್ಟರಿಗೆ ಫೋನು ಮಾಡಿದರೆ ಅವರು ಬಹಳ ಹೊತ್ತು ನಕ್ಕರು. ಮೂರು ಬಣ್ಣದ ಬೆಕ್ಕು ಹೆಚ್ಚುಕಮ್ಮಿ ಯಾವಾಗಲೂ ಹೆಣ್ಣೇ ಅಂತೆ. ಕಪ್ಪು, ಕೇಸರಿ ಎರಡೂ ಬಣ್ಣ ಒಟ್ಟಿಗೆ ಮೂಡಬೇಕಾದರೆ ಎರಡು ಎಕ್ಸ್ ಕ್ರೋಮೋಸೋಮು ಬೇಕು, ಗಂಡಿನಲ್ಲಿ ಇರುವುದು ಒಂದೇ. ಬಾಲ ಎತ್ತಿ ನೋಡುವ ಅಗತ್ಯವೇ ಇಲ್ಲ, ದೂರದಿಂದಲೇ ಹೇಳಬಹುದಿತ್ತು. ಅಮ್ಮ ಮಾತ್ರ ಹೆಸರು ಬದಲಾಯಿಸಲು ಒಪ್ಪಲಿಲ್ಲ. “ಮೋಹಿನಿ ಅವತಾರ ಅಂದ್ಕೋ,” ಅಂದಳು.

ಅಧೋಕ್ಷಜ, ನಾರಸಿಂಹ, ಅಚ್ಯುತ. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆಂದು ನಮ್ಮ ಕಡೆ ನಂಬಿಕೆ. ಪುರುಷೋತ್ತಮಳಿಗೆ ಏಳು ಮನೆ ಸಿಗದ್ದರಿಂದ ಒಂದೇ ಮನೆಯನ್ನು ಏಳು ಮಾಡಿಕೊಂಡಳು. ಬೀರು, ಅಟ್ಟ, ಅಕ್ಕಿ ಡ್ರಮ್ಮಿನ ಹಿಂದೆ, ಹೊಲಿಗೆ ಮಷೀನಿನ ಕೆಳಗೆ, ಅಮ್ಮನ ಮಡಿ ಸೀರೆಯ ಪೆಟ್ಟಿಗೆ, ದೇವರ ಮಂಟಪದ ಅಡಿ, ಕೊನೆಗೆ ನನ್ನ ಪಿಂಚಣಿ ಕಾಗದದ ಡ್ರಾಯರು. ಜಾರದವನು ಎಂಬ ಅರ್ಥದ ಅಚ್ಯುತ ಅಟ್ಟದಿಂದ ಎರಡು ಸಲ ಜಾರಿ ಹಿಟ್ಟಿನ ಡಬ್ಬಕ್ಕೆ ಬಿದ್ದ. ಅಧೋಕ್ಷಜನ ಕಷ್ಟ ಬೇರೆ. ಓಡಿಹೋದ ಬೆಕ್ಕನ್ನು ಸಂಜೆ ರಸ್ತೆಯಲ್ಲಿ ನಿಂತು ‘ಅಧೋಕ್ಷಜಾ!’ ಎಂದು ಕೂಗುವ ಅರವತ್ತು ದಾಟಿದ ಗಂಡಸನ್ನು ಅಕ್ಕಪಕ್ಕದವರು ಯಾವ ದೃಷ್ಟಿಯಿಂದ ನೋಡುತ್ತಾರೆಂದು ಅನುಭವಿಸಿಯೇ ತಿಳಿಯಬೇಕು.

ತರುವುದು ಸುಲಭ, ಕೊಡುವುದು ಕಷ್ಟ. ಫೋಟೋ ಹಾಕಿ ನನ್ನ ನಂಬರು ಕೊಟ್ಟರೆ ಬರುವ ಕರೆಗಳೇ ಒಂದು ಪುರಾಣ. ‘ಲ್ಯಾಬ್ ಇದೆಯಾ?’ 2022ರಲ್ಲಿ ‘777 ಚಾರ್ಲಿ’ ಬಂದು, ಅದನ್ನು ನೋಡಿ ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರೇ ಕಣ್ಣೀರು ಹಾಕಿದ ಮೇಲಂತೂ ಕೇಳುವುದೇ ಬೇಡ, ಎಲ್ಲರಿಗೂ ಚಾರ್ಲಿಯೇ ಬೇಕು. ‘ಕರೀ ನಾಯಿ ಇದೆಯಾ? ಜ್ಯೋತಿಷಿ ಹೇಳಿದಾರೆ, ಮೂರು ಶನಿವಾರ ಸಾಕು.’ ‘ತೋಟದಲ್ಲಿ ಕಟ್ಟಿ ಹಾಕೋಕೆ ಬೇಕಿತ್ತು.’ ‘ಬೆಕ್ಕು ಇಲಿ ಹಿಡಿಯುತ್ತಾ?’ ನಮ್ಮ ಮನೆಯಲ್ಲಿ ನಾಲ್ಕು ಬೆಕ್ಕಿದ್ದ ಕಾಲದಲ್ಲಿ ಇಲಿಯೊಂದು ಅವುಗಳ ತಟ್ಟೆಯಲ್ಲೇ ಉಳಿದದ್ದು ತಿಂದು ಹೋಗುತ್ತಿತ್ತು. ಸಾಲದ ಕಾಗದದಲ್ಲಿ ಒಂದು ಸುಳ್ಳಕ್ಷರ ಬರೆಯದ ನಾನು ಬರಬರುತ್ತಾ ಕೆಟ್ಟೆ. ಮೈಯಲ್ಲಿ ಮಾಂಸವಿಲ್ಲದ ಉದ್ದ ಕಾಲಿನ ಯಾವ ಬೀದಿನಾಯಿ ಬಂದರೂ ‘ಮುಧೋಳದ ಛಾಯೆ ಇದೆ ಸಾರ್’ ಎನ್ನತೊಡಗಿದೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ತಳಿ ಎಂಬ ಸಂಗತಿಯನ್ನೂ ಸೇರಿಸುತ್ತಿದ್ದೆ. ಹೀಗೆ ಮುಧೋಳದ ಛಾಯೆಯಿದ್ದ ಶ್ರೀಧರ, ಹೃಷೀಕೇಶ ಇಬ್ಬರೂ ಆಮೇಲೆ ಡೊಳ್ಳುಹೊಟ್ಟೆ ಬಿಟ್ಟು, ಆ ಮನೆಯವರು ಈಗ ನನಗೆ ಫೋಟೋ ಕಳಿಸುವುದನ್ನು ನಿಲ್ಲಿಸಿದ್ದಾರೆ.

ಬಂದವರನ್ನೂ ನಾನು ಸುಮ್ಮನೆ ಬಿಡುವವನಲ್ಲ. ಅದಕ್ಕೊಂದು ಹಿನ್ನೆಲೆಯಿದೆ. ಸರ್ವಿಸಿನ ಆರಂಭದಲ್ಲಿ ಮೂರು ಹಳ್ಳಿಯ ಮೂವರಿಗೆ ಕುರಿ ಸಾಲ ಕೊಟ್ಟು ತಪಾಸಣೆಗೆ ಹೋಗಿದ್ದೆ. ಮೊದಲ ಹಳ್ಳಿಯಲ್ಲಿ ಕುರಿ ಎಣಿಸಿ, ಊಟ ಮಾಡಿ, ಎರಡನೇ ಹಳ್ಳಿಗೆ ಹೋಗಿ ಎಣಿಸಿ, ಮಜ್ಜಿಗೆ ಕುಡಿದು, ಮೂರನೇ ಹಳ್ಳಿಗೆ ಹೋದಾಗ ಒಂದು ಕುಂಟ ಕುರಿ ನನ್ನನ್ನು ಗುರುತು ಹಿಡಿದು ಹತ್ತಿರ ಬಂತು. ಮೂರು ಊರಲ್ಲೂ ಅದೇ ಕುರಿಗಳು, ನನ್ನ ಜೀಪಿಗಿಂತ ಮುಂಚೆ ಒಳದಾರಿಯಲ್ಲಿ ಬರುತ್ತಿದ್ದವು. ಅಂದಿನಿಂದ ನಾನು ಯಾರನ್ನೂ ನಂಬುವುದಿಲ್ಲ.

ಅಚ್ಯುತನನ್ನು ಕೇಳಿಕೊಂಡು ವಿಜಯನಗರದಿಂದ ಎಳೇ ಗಂಡಹೆಂಡಿರು ಬಂದರು. ಕೂರಿಸಿ ಫಾರಂ ಕೊಟ್ಟೆ. ಆಧಾರ್? ಸ್ವಂತ ಮನೆಯೋ ಬಾಡಿಗೆಯೋ? ಬಾಡಿಗೆಯಾದರೆ ಓನರ್ ಪತ್ರ? ವರ್ಗವಾಗುವ ಕೆಲಸವೇ? ಬಾಲ್ಕನಿಗೆ ನೆಟ್ ಇದೆಯೇ? ಆರನೇ ತಿಂಗಳಿಗೆ ಆಪರೇಷನ್ ಮಾಡಿಸುತ್ತೇವೆಂದು ಬರೆದುಕೊಡುತ್ತೀರಾ? ದೀಪಾವಳಿ ಪಟಾಕಿಗೆ ಏನು ಏರ್ಪಾಟು? ಊರಿಗೆ ಹೋದಾಗ ಯಾರು ನೋಡುತ್ತಾರೆ, ಅವರ ಆಧಾರ್? ಅಮೆರಿಕಕ್ಕೆ ಹೋಗುವ ಉದ್ದೇಶ ಉಂಟೇ? ಹುಡುಗಿ ಬೆವರು ಒರೆಸಿಕೊಂಡಳು. ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುವಷ್ಟರಲ್ಲಿ ಹೆಂಡತಿ ಕಾಫಿ ತಂದು ಟೀಪಾಯಿಯ ಮೇಲೆ ಕುಕ್ಕಿದಳು.

“ನಮ್ಮಪ್ಪ ನನ್ನನ್ನ ನಿಮಗೆ ಕೊಡುವಾಗ ಇದರಲ್ಲಿ ಕಾಲು ಭಾಗ ಕೇಳಿದ್ದಿದ್ರೂ ನಾನಿವತ್ತು ಬೇರೆ ಎಲ್ಲೋ ಇರ್ತಿದ್ದೆ.”

ಅಚ್ಯುತ ವಿಜಯನಗರಕ್ಕೆ ಹೋದ.

ಕೊಟ್ಟ ಮೇಲೂ ಒಂದು ಪದ್ಧತಿಯಿದೆ, ಮಂಜೂರಾತಿ ನಂತರದ ತಪಾಸಣೆ. ಗೋವಿಂದ ಸರಸ್ವತೀಪುರಂನಲ್ಲಿ ಒಂದು ಮನೆ ಸೇರಿದ ಮೇಲೆ ನಾನು ಸ್ಕೂಟರಿನಲ್ಲಿ ದಿನಕ್ಕೆ ಎರಡು ಸಲ ಆ ರಸ್ತೆಯಲ್ಲಿ ಹಾದುಹೋಗುತ್ತಿದ್ದೆ, ಗೇಟಿನ ಬಳಿ ಸ್ವಲ್ಪ ನಿಧಾನಿಸುತ್ತಿದ್ದೆ. ನಾಲ್ಕನೇ ದಿನ ಎದುರುಮನೆಯವರು ನನ್ನ ಗಾಡಿ ನಂಬರು ಬರೆದುಕೊಳ್ಳುವುದು ಕಂಡು, ಬೇರೆ ದಾರಿಯಿಲ್ಲದೆ ಬೆಲ್ ಮಾಡಿದೆ. ಗೋವಿಂದ ಓಡಿಬಂದ. ನನಗೋಸ್ಕರ ಐದು ಇಂಜೆಕ್ಷನ್ ಹಾಕಿಸಿಕೊಂಡವನು ಬಂದಿದ್ದಾನೆಂದು ಕಾಲಿಗೆ ಬೀಳುತ್ತಾನೆ ಎಂದುಕೊಂಡೆ. ನನ್ನ ಪ್ಯಾಂಟಿಗಂಟಿದ ತ್ರಿವಿಕ್ರಮನ ವಾಸನೆಯನ್ನು ಮೂಸಿದ, ಹಾಲಿನವನಿಗೆ ಅಲ್ಲಾಡಿಸುವಷ್ಟೇ ಬಾಲ ಅಲ್ಲಾಡಿಸಿದ, ತಿರುಗಿ ಆ ಮನೆಯ ಪುಟ್ಟ ಹುಡುಗಿಯ ಹಿಂದೆ ಒಳಗೆ ಹೋದ. ಸಾಲ ಪೂರ್ತಿ ತೀರಿ, ಖಾತೆ ಮುಚ್ಚಿ, ಪತ್ರ ವಾಪಸು ಕೊಟ್ಟ ದಿನ ಮ್ಯಾನೇಜರ್ ಅಳುವುದನ್ನು ನೀವು ನೋಡಿದ್ದೀರಾ? ಸ್ಕೂಟರು ಎರಡು ಸಲ ಒದ್ದರೂ ಸ್ಟಾರ್ಟ್ ಆಗಲಿಲ್ಲ.

ತ್ರಿವಿಕ್ರಮನನ್ನು ಯಾರೂ ಕೇಳಲಿಲ್ಲ. ಸಾಲದ ಕಂತು 90 ದಿನ ಬಾಕಿಯಾದರೆ ಎನ್‌ಪಿಎ ಎನ್ನುತ್ತಾರೆ, ಅವನು ಬಂದು ಎರಡು ವರ್ಷ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿಯಾದರೆ ರಿಸರ್ವ್ ಬ್ಯಾಂಕಿನ ನಿಧಿಗೆ ವರ್ಗಾಯಿಸುವ ಸೌಲಭ್ಯವಿದೆ. ನಾಯಿಗಿಲ್ಲ. ಅವನೀಗ ಅಮ್ಮನ ಮಂಚದ ಕೆಳಗೆ ಮಲಗುತ್ತಾನೆ. ಜಗಲಿ ದಾಟಕೂಡದೆಂಬ ಶಾಸ್ತ್ರ ಏನಾಯಿತೆಂದು ಕೇಳಿದೆ. ‘ನಾಲ್ಕು ಕಾಲಿರೋ ನಾಯಿಗೆ ಹೇಳಿದ್ದು ಅದು’ ಅಂದಳು.

ಕಳೆದ ವಾರ ಹೆಂಡತಿ ತಾನೂ ಒಂದು ಜಾಹೀರಾತು ಬರೆದು ಮಗಳಿಗೆ ಕಳಿಸಿದ್ದಾಳೆ. ಮಗಳು ಅದನ್ನು ಇಡೀ ಬಳಗಕ್ಕೆ ಹಂಚಿದ್ದಾಳಾದ್ದರಿಂದ ಮುಚ್ಚಿಡುವುದರಲ್ಲಿ ಅರ್ಥವಿಲ್ಲ:

“ಒಳ್ಳೆಯ ಮನೆ ಬೇಕಾಗಿದೆ. ಗಂಡು, ವಯಸ್ಸು 63. ರೇಬಿಸ್ ಲಸಿಕೆ ಐದೂ ಆಗಿದೆ. ಮಿಶ್ರ ತಳಿ, ಮುಧೋಳದ ಛಾಯೆ ಇಲ್ಲ. ಹಾಕಿದ್ದು ತಿನ್ನುತ್ತದೆ, ಆದರೆ ಉಪ್ಪು ಕಮ್ಮಿಯಾದರೆ ಗುರುಗುಟ್ಟುತ್ತದೆ. ರಾತ್ರಿ ಗೊರಕೆ ಉಂಟು. ಮಕ್ಕಳೊಂದಿಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ, ಹೆಂಡತಿಯೊಂದಿಗೆ ತರಬೇತಿ ಬೇಕು. ಬಾಗಿಲು ತೆಗೆದಿಟ್ಟರೆ ಹೊರಗೆ ಹೋಗಿ ಇನ್ನೊಂದನ್ನು ಕರೆದುಕೊಂಡು ಬರುವ ಅಭ್ಯಾಸವಿದೆ. ಜೊತೆಗೆ ಶಾಲು, ಗೋಡೆ ಗಡಿಯಾರ ಉಚಿತ. ಎರಡೇ ವಾರ ಇಟ್ಟುಕೊಂಡರೂ ಸಾಕು.”

ಮೂರು ಜನ ಸೋದರತ್ತೆಯರು ಬೆರಳೆತ್ತಿದ ಚಿತ್ರ ಹಾಕಿದ್ದಾರೆ. ಯಾರೂ ಅರ್ಜಿ ಹಾಕಿಲ್ಲ.

ಸದ್ಯಕ್ಕೆ ಲೆಡ್ಜರಿನಲ್ಲಿ ಉಳಿದಿರುವುದು ತ್ರಿವಿಕ್ರಮ, ಅನಿರುದ್ಧ, ಆಪರೇಷನ್ ಮುಗಿಸಿಕೊಂಡ ಪುರುಷೋತ್ತಮ, ಮತ್ತೆ ಮೊನ್ನೆ ಚರಂಡಿಯಿಂದ ಎತ್ತಿತಂದ ಇಪ್ಪತ್ತೆರಡನೆಯವನು, ಉಪೇಂದ್ರ. ಪಕ್ಕದ ಮನೆ ಹುಡುಗರು ಅವನನ್ನು ಕಂಡರೆ ‘ಉಪ್ಪೀ’ ಎಂದು ಶಿಳ್ಳೆ ಹೊಡೆಯುತ್ತಾರೆ. ದೇವರ ಹೆಸರಿಗೆ ಈಗಿನ ಹುಡುಗರಲ್ಲಿ ಎಷ್ಟು ಭಕ್ತಿ ಎಂದು ಅಮ್ಮ ಸಂತೋಷಪಡುತ್ತಾಳೆ.

ನಿನ್ನೆ ರಾತ್ರಿ ಊಟವಾದ ಮೇಲೆ ಹೆಂಡತಿ ಆ ಹಳೇ ಕ್ಯಾಲೆಂಡರು ತಂದು ನನ್ನ ಮುಂದೆ ಹಿಡಿದಳು.

“ಇಪ್ಪತ್ತೆರಡಾಯ್ತು. ಇನ್ನು ಹರಿ, ಶ್ರೀಕೃಷ್ಣ, ಎರಡೇ ಹೆಸರು ಬಾಕಿ. ಅದೂ ಆಗಲಿ. ಇಪ್ಪತ್ತನಾಲ್ಕಕ್ಕೆ ನಾನು ಗೇಟಿಗೆ ಬೀಗ ಹಾಕ್ತೀನಿ. ಆಮೇಲೆ ತಂದ್ರೆ ಇಡೋಕೆ ಹೆಸರೂ ಇಲ್ಲ.”

ಮಾತು ನ್ಯಾಯವಾಗಿತ್ತು. ನಾನು ಒಪ್ಪಿ ತಲೆಯಾಡಿಸುತ್ತಿದ್ದೆ. ಜಪಮಣಿ ಎಣಿಸುತ್ತಿದ್ದ ಅಮ್ಮ ಕಣ್ಣು ತೆರೆಯದೆ ಹೇಳಿದಳು:

“ಯಾಕಿಲ್ಲ? ಸಹಸ್ರನಾಮ ಇದೆಯಲ್ಲೇ.”

ಹೆಂಡತಿ ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು. ಆಮೇಲೆ ಬೀರು ತೆಗೆದು, ಹಳೇ ಟವೆಲ್ಲು ಎಷ್ಟು ಉಳಿದಿವೆಯೆಂದು ಎಣಿಸತೊಡಗಿದಳು.